ಒಂಟೆಗುಡ್ಡದಿಂದ ಇಳಿದು ಬಂದ ಚಿತ್ರ

ದೂರದ ಬೆಟ್ಟನಾಡೊಂದರ ಸೋಂಕೋಲ್ ಸರೋವರದ ಮೇಲ್ದಂಡೆಯಲ್ಲಿ, ಬೇಸಿಗೆಗೆ ಕುದುರೆ ಹೊಡೆದುಕೊಂಡು ಬಂದವರು ಗುಡಾರ ಹಾಕುವ ಕಡೆ, ಒಂದು ಗುಡ್ಡವಿದೆ. ಯಾವ ಕಾಲದಲ್ಲೋ ನೀರು ಕುಡಿಯಲು ಬಂದ ಒಂಟೆ ಕಾಲು ಮಡಿಸಿ ಕೂತು, ಏಳುವುದನ್ನೇ ಮರೆತುಬಿಟ್ಟಿತೇನೋ ಎನ್ನುವ ಹಾಗಿದೆ. ಅದಕ್ಕೇ ಅದು ಒಂಟೆಗುಡ್ಡ. ಕೆಳಗಿನ ಯಾವ ಗುಡಾರದಲ್ಲೂ ಫೋನಿಗೆ ಸಿಗ್ನಲ್ ಇಲ್ಲ. ಒಂಟೆಯ ಹಿಂದಿನ ಡುಬ್ಬದ ಮೇಲೆ ಒಂದು ಕಂಬ ನೆಟ್ಟು, ಅದಕ್ಕೆ ಹಳೆಯ ಉಣ್ಣೆಯ ಕಾಲುಚೀಲಗಳನ್ನು ಕಟ್ಟಿದ್ದಾರೆ. ಫೋನನ್ನು ಆ ಚೀಲದೊಳಗೆ ಇಳಿಬಿಟ್ಟು ಕಾಯಬೇಕು, ಸಿಗ್ನಲ್ ಹತ್ತಿದ ಮೇಲೆ ತೆಗೆದು ಅಲ್ಲೇ ನಿಂತು ಮಾತಾಡಬೇಕು. ಕಂಬದಿಂದ ಸ್ವಲ್ಪ ಆಚೆ ಸರಿದರೂ ಮತ್ತೆ ಮೌನ.

ಬುರುಲ್ ಆ ಗುಡ್ಡ ಹತ್ತಿ ಹತ್ತಿ ಸೋತಿದ್ದಳು. ಕುದುರೆಯ ಹಾಲು ಕರೆಯುವವರಿಗೆ ಪುರಸೊತ್ತು ಎಂಬುದಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಎರಡೆರಡು ಗಂಟೆಗೊಮ್ಮೆ ಕರೆಯಬೇಕು. ನಡುವೆ ತೊಗಲಿನ ಚೀಲದಲ್ಲಿ ಹುಳಿಗೆ ಬಿಟ್ಟ ಹಾಲನ್ನು ಕಡೆಯಬೇಕು, ರೊಟ್ಟಿ ಸುಡಬೇಕು, ಒಲೆಗೆ ಸಗಣಿಬೆರಣಿ ಹೊರಬೇಕು. ಅವಳ ದಣಿವು ಒಂದು ದಿನದ್ದಲ್ಲ; ಬೇಸಿಗೆಯ ಮೊದಲ ಹುಲ್ಲಿನ ಜೊತೆಗೇ ಹುಟ್ಟಿ ಅದರ ಜೊತೆಗೇ ಬೆಳೆದದ್ದು.

ಈ ಸಲ ಅದರ ಮೇಲೆ ಅತ್ತೆಯ ಕಾಯಿಲೆ ಬೇರೆ. ಸೊನುನ್ ಅಜ್ಜಿಗೆ ಬಿ.ಪಿ. ಏರಿ, ಪೇಟೆಯ ಆಸ್ಪತ್ರೆಯಲ್ಲಿ ಮಲಗಿ ಬಂದಿದ್ದರು. ಮಾತ್ರೆ ಹೇಗೆ ಹಿಡಿಸುತ್ತದೆ ನೋಡಿ ಬದಲಾಯಿಸುತ್ತೇನೆ, ವಿಡಿಯೊ ಕರೆ ಮಾಡಿ ಎಂದು ಡಾಕ್ಟರಮ್ಮ ಹೇಳಿ ಕಳಿಸಿದ್ದರು.

ಹಾಗಾಗಿ ಆ ಮಧ್ಯಾಹ್ನವೂ ಬುರುಲ್ ಕಂಬದ ಕೆಳಗೆ ನಿಂತಿದ್ದಳು. ಪರದೆಯ ಮೇಲೆ ಡಾಕ್ಟರಮ್ಮ ಒಂದೊಂದೇ ಪೆಟ್ಟಿಗೆ ಎತ್ತಿ ತೋರಿಸಿದರು. "ನೋಡಮ್ಮ, ಈ ಬಿಳೀದು ಬೆಳಿಗ್ಗೆ ಅರ್ಧ. ಹಳದಿ ರಾತ್ರಿ ಊಟ ಆದ್ಮೇಲೆ ಒಂದು. ಈ ಕೆಂಪು ಪೆಟ್ಟಿಗೇದು ಇವತ್ತಿಂದ ಬೇಡ. ಗೊತ್ತಾಯ್ತಲ್ಲ?"

"ಗೊತ್ತಾಯ್ತು ಡಾಕ್ಟ್ರೇ," ಎಂದಳು ಬುರುಲ್. ಪೆನ್ನು ಗುಡಾರದಲ್ಲಿತ್ತು. ಸೊಂಟದಲ್ಲಿ ಮೇಕೆಕೂದಲಿನ ದಾರವಿತ್ತು. ಅತ್ತೆ ಕಲಿಸಿದ ಹಾಗೆ ಅರ್ಧಕ್ಕೆ ಸಣ್ಣ ಗಂಟು, ಒಂದಕ್ಕೆ ದಪ್ಪ ಗಂಟು, ಬೇಡದ್ದಕ್ಕೆ ಸಡಿಲ ಕುಣಿಕೆ ಹಾಕಿಕೊಂಡಳು. ಯಾವ ಗಂಟು ಯಾವ ಮಾತ್ರೆಗೆ ಎಂದು ಬಾಯಲ್ಲೇ ಜಪಿಸುತ್ತ ಇಳಿದಳು.

ಕೆಳಗೆ ಬಂದು ದಾರವನ್ನು ಗುಡಾರದ ಬಾಗಿಲ ಮೊಳೆಗೆ ನೇತು ಹಾಕಿ ಹಾಲು ಕರೆಯಲು ಹೋದಳು. ಬಂದು ನೋಡಿದರೆ ದಾರವಿಲ್ಲ.

"ಏನ್ರೀ, ಇಲ್ಲಿದ್ದ ದಾರ ಎಲ್ಲಿ?"

ಗಂಡ ಎಸೆನ್ ಕುದುರೆಮರಿಯ ಬೆನ್ನು ಸವರುತ್ತಿದ್ದ. "ಈ ಕಳ್ಳ ಹಗ್ಗ ಕಿತ್ಕೊಂಡು ಓಡ್ತಿತ್ತು. ಆ ದಾರಾನೇ ತಗೊಂಡು ಕಟ್ಟಿದೆ. ಗಂಟು ಗಂಟಾಗಿತ್ತು, ಮರಿ ಕುತ್ತಿಗೆಗೆ ಒತ್ತುತ್ತೆ ಅಂತ ಎಲ್ಲಾ ಬಿಚ್ಚಿದೆ. ಯಾಕೆ?"

"ಅದು ನಿಮ್ಮಮ್ಮನ ಔಷಧಿ ಕಣ್ರೀ."

ಎಸೆನ್ ಮರಿಯ ಕುತ್ತಿಗೆ ನೋಡಿದ, ಹೆಂಡತಿಯ ಮುಖ ನೋಡಿದ.

ಮತ್ತೆ ಹತ್ತೋಣವೆಂದರೆ ಗುಡ್ಡದ ಮೇಲೆ ಮಂಜು ಇಳಿದಿತ್ತು. ನೆನಪಿದೆ, ನೆನಪಿದೆ ಎಂದು ತನಗೆ ತಾನೇ ಹೇಳಿಕೊಂಡಳು. ಬಿಳೀದು ಅರ್ಧ. ಅದು ಸರಿ. ಬೇಡವೆಂದದ್ದು ಹಳದಿಯೋ, ಕೆಂಪೋ? ಹಳದಿಯೇ ಇರಬೇಕು. ಹಾಗಂದುಕೊಂಡು ರಾತ್ರಿ ಕೆಂಪು ಪೆಟ್ಟಿಗೆಯದನ್ನು ಕೊಟ್ಟಳು.

ಮರುದಿನ ಬೆಳಿಗ್ಗೆ ಸೊನುನ್ ಅಜ್ಜಿ ಬಟ್ಟಲಿಗೆ ಚಹಾ ಬಗ್ಗಿಸಲು ಎದ್ದವರು, ಬಟ್ಟಲನ್ನು ಹಿಡಿದುಕೊಂಡೇ ಕುಸಿದರು. ಬಟ್ಟಲು ಒಡೆಯಲಿಲ್ಲ. ಅಜ್ಜಿಯ ಮುಖ ಮಾತ್ರ ಹಸಿ ಹಿಟ್ಟಿನ ಬಣ್ಣಕ್ಕೆ ತಿರುಗಿತ್ತು.

ಪುಣ್ಯಕ್ಕೆ ಅವತ್ತು ಜಿಪಾರ್ ಬಂದಿದ್ದಳು. ಗುಡಾರದಿಂದ ಗುಡಾರಕ್ಕೆ ಕುದುರೆಯ ಮೇಲೆ ಹೋಗಿ ಮಕ್ಕಳಿಗೆ ಲಸಿಕೆ ಹಾಕುವ ಆರೋಗ್ಯ ಕಾರ್ಯಕರ್ತೆ ಅವಳು. ಪಕ್ಕದ ಗುಡಾರದಿಂದ ಓಡಿ ಬಂದು ಅಜ್ಜಿಯನ್ನು ಮಲಗಿಸಿ, ಕಾಲಿನ ಕೆಳಗೆ ಜೀನು ಇಟ್ಟು ಎತ್ತರ ಮಾಡಿ, ಬಿ.ಪಿ. ನೋಡಿದಳು.

"ತುಂಬಾ ಇಳಿದಿದೆ. ಏನ್ ಕೊಟ್ರಿ ಎಜೆ?"

ಅಲ್ಲಿ ಹಿರಿಯ ಹೆಂಗಸನ್ನು ಅಕ್ಕ ಎನ್ನುವ ಹಾಗೆ ಎಜೆ ಎನ್ನುತ್ತಾರೆ; ಅಣ್ಣನಿಗೆ ಬೈಕೆ, ಅಮ್ಮನಿಗೆ ಅಪಾ. ಬುರುಲ್ ಕೆಂಪು ಪೆಟ್ಟಿಗೆಯನ್ನು ಅವಳ ಕೈಗಿಟ್ಟಳು. "ಯಾವುದು ನಿಲ್ಲಿಸ್ಬೇಕಿತ್ತೋ ಅದನ್ನೇ ಕೊಟ್ಟೆ ಅನ್ಸುತ್ತೆ."

"ಅನ್ಸೋದು ಬೇಡ. ಕೇಳೋಣ ಬನ್ನಿ. ಎಸೆನ್ ಬೈಕೆ, ನೀವು ಇಲ್ಲೇ ಕೂತ್ಕೊಳ್ಳಿ. ಯಾವ ಮಾತ್ರೇನೂ ಕೊಡ್ಬೇಡಿ. ಅಪಾನ್ನ ಎದ್ದೇಳೋಕೆ ಬಿಡ್ಬೇಡಿ. ಮಂಪರು ಬಂದ್ರೆ ಕೂಗಿ, ನಾನು ಇಳಿದು ಬರ್ತೀನಿ."

ಜಿಪಾರ್ ಬುರುಲಳನ್ನು ತನ್ನ ಕುದುರೆಯ ಹಿಂದೆ ಕೂರಿಸಿಕೊಂಡು ಹೊರಟಳು. ಹೋಗುತ್ತ ಬುರುಲ್ ದಾರದ ಕಥೆ ಹೇಳಿದಳು. ಜಿಪಾರ್ ನಗಲಿಲ್ಲ.

"ಡಾಕ್ಟ್ರು ತೋರಿಸ್ತಾ ಇದ್ದಾಗ ಸ್ಕ್ರೀನ್‌ಶಾಟ್ ತಗೋಬಹುದಿತ್ತಲ್ಲ ಎಜೆ."

"ಅದೇನು, ಇನ್ನೊಂದು ಫೋನಿಂದ ಫೋಟೋ ಹೊಡೆಯೋದಾ? ನಮ್ಮನೆಯವ್ರು ಹಾಗೆ ಮಾಡ್ತಾರೆ. ಬರೀ ಅವರ ಟೋಪಿ ನೆರಳೇ ಬರುತ್ತೆ."

"ಇನ್ನೊಂದು ಫೋನು ಬೇಡ. ನಿಮ್ಮ ಫೋನು ತನ್ನ ಮುಖಾನ ತಾನೇ ಹಿಡಿದಿಡುತ್ತೆ. ಪರದೆ ಮೇಲೆ ಏನಿದೆಯೋ ಅದೇ ಚಿತ್ರ ಆಗುತ್ತೆ. ಕೆಳಗೆ ಬಂದು ಸಿಗ್ನಲ್ ಹೋದ್ರೂ ಚಿತ್ರ ಹೋಗಲ್ಲ."

"ಜಿಪಾರ್, ನಿನಗೆ ಕೈ ಮುಗೀತೀನಿ. ನನಗೆ ಇನ್ನೊಂದು ಕೆಲಸ ಕಲಿಸ್ಬೇಡ. ಇರೋದೇ ಸಾಕಾಗಿದೆ."

"ಕಲಿತ್ರೆ ಒಂದು ಸಲ ಗುಡ್ಡ ಹತ್ತೋದು ಉಳಿಯುತ್ತೆ," ಎಂದಳು ಜಿಪಾರ್, ಕುದುರೆಯ ಕಿವಿಗಳ ನಡುವಿನಿಂದ ದಾರಿ ನೋಡುತ್ತ.

ಮೇಲೆ ಕಂಬದ ಹತ್ತಿರ ಕರೆ ಸೇರಿತು. ಡಾಕ್ಟರಮ್ಮ ಎಲ್ಲ ಕೇಳಿದರು. ನಿಲ್ಲಿಸಬೇಕಾದದ್ದು ಕೆಂಪು ಪೆಟ್ಟಿಗೆಯದೇ. ಇವತ್ತು ಯಾವ ಮಾತ್ರೆಯೂ ಬೇಡ. ಮಲಗಿಸಿ, ಚಹಾ ಕುಡಿಸಿ, ಸಂಜೆ ಮತ್ತೆ ಬಿ.ಪಿ. ನೋಡಿ ಹೇಳಿ, ಸರಿಯಾಗದಿದ್ದರೆ ಪೇಟೆಗೆ ಕರೆತರಬೇಕು. ನಾಳೆಯಿಂದ ಹೇಗೆ ಎನ್ನುವುದನ್ನು ಮತ್ತೆ ಹೇಳಲು ಹೊರಟಾಗ ಜಿಪಾರ್ ಕೇಳಿದಳು: "ಡಾಕ್ಟ್ರೇ, ನಿಮ್ಮ ಚಿತ್ರ ಹಿಡ್ಕೊಳ್ಳೋಣ್ವಾ? ಮಾತ್ರೆ ಗುರುತು ಇರ್ಲಿ ಅಂತ."

"ಹಿಡ್ಕೊಳ್ಳಿ. ನಾನೇ ಒಂದು ಚೀಟೀಲಿ ಬರೆದು ಮಾತ್ರೆ ಪಕ್ಕ ಹಿಡೀತೀನಿ. ಕೈ ಅಲುಗಾಡಿಸಲ್ಲ."

"ಎಜೆ, ಬಲಗಡೆ ಪಕ್ಕದ ಗುಂಡಿ ಇದೆಯಲ್ಲ, ಫೋನ್ ಮಲಗಿಸೋದು. ಅದೂ, ಸದ್ದು ಕಮ್ಮಿ ಮಾಡೋ ಗುಂಡೀನೂ, ಎರಡನ್ನೂ ಒಟ್ಟಿಗೆ ಒತ್ತಿ ತಕ್ಷಣ ಬಿಡಿ."

ಬುರುಲ್ ಒಂದನ್ನು ಒತ್ತಿ, ಆಮೇಲೆ ಇನ್ನೊಂದನ್ನು ಒತ್ತಿದಳು. ಪರದೆ ಕಪ್ಪಾಯಿತು. ಅವಳ ಎದೆಯೂ ಕಪ್ಪಾಯಿತು.

"ಏನಾಗಿಲ್ಲ, ಮಲಗಿತು ಅಷ್ಟೇ," ಎಂದು ಜಿಪಾರ್ ಅದನ್ನು ಎಬ್ಬಿಸಿದಳು. ಡಾಕ್ಟರಮ್ಮ ಇನ್ನೂ ಅಲ್ಲೇ ಚೀಟಿ ಹಿಡಿದು ಕೂತಿದ್ದರು. ಬುರುಲ್ ಮತ್ತೆ ಒತ್ತಿದಳು. ಸದ್ದಿನ ಗುಂಡಿ ಒಳಗೇ ಕಚ್ಚಿಕೊಂಡಿತು. ಅದರ ಸಂದಿಯಲ್ಲಿ ಒಣಗಿದ ಹಾಲು.

"ನೋಡು, ನನ್ನ ಹಣೆಬರಹ. ಇದೂ ಹಾಲು ಕುಡಿದು ಮಲಗಿದೆ."

"ಗುಂಡಿ ಕೆಟ್ಟೋರಿಗೆ ಬೇರೆ ದಾರಿ ಇದೆ. ಬೆರಳನ್ನ ಪರದೆ ತಲೆಯಿಂದ ಕೆಳಗೆ ಎಳೀರಿ. ಇನ್ನೊಂದ್ಸಲ ಎಳೀರಿ. ಗುಡಾರದ ಬಾಗಿಲ ಕಂಬಳಿ ಇಳಿಸಿದ ಹಾಗೆ. ಸಾಲಾಗಿ ಸಣ್ಣ ಸಣ್ಣ ಗುರುತು ಬಂತಾ? ಅದ್ರಲ್ಲಿ ಸ್ಕ್ರೀನ್‌ಶಾಟ್ ಅಂತ ಇರೋದನ್ನ ಮುಟ್ಟಿ."

ಕಂಬಳಿ ಇಳಿಯಿತು. ಬುರುಲ್ ಮುಟ್ಟಿದಳು. ಕಂಬಳಿ ತಾನೇ ಮೇಲೆ ಸರಿದು, ಪರದೆ ಒಂದು ಸಲ ಕಣ್ಣು ಮಿಟುಕಿಸಿತು. ಮೂಲೆಯಲ್ಲಿ ಸಣ್ಣ ಚೌಕದೊಳಗೆ ಡಾಕ್ಟರಮ್ಮ, ಚೀಟಿ, ಬಿಳಿ ಮಾತ್ರೆ, ಹಳದಿ ಮಾತ್ರೆ, ಮತ್ತೆ ಅಡ್ಡಗೀಟು ಹಾಕಿದ ಕೆಂಪು ಪೆಟ್ಟಿಗೆ.

"ಅಷ್ಟೇನಾ?"

"ಅಷ್ಟೇ. ಈಗ ತೆಗೆದು ಓದಿ ನೋಡಿ. ಮಸುಕಾಗಿದ್ರೆ ಇಲ್ಲಿರುವಾಗ್ಲೇ ಇನ್ನೊಂದು ತಗೋಬೇಕು."

ಮಸುಕಾಗಿರಲಿಲ್ಲ. ಬುರುಲ್ ಕಂಬಕ್ಕೆ ಒರಗಿದಳು. ಅಳಬೇಕೆನಿಸಿತು, ಅದಕ್ಕೂ ತ್ರಾಣವಿರಲಿಲ್ಲ.

ಇಳಿಯುವಾಗ ಜಿಪಾರ್ ಇನ್ನೂ ಒಂದು ಬಗೆ ಹೇಳಿದಳು. ಕೆಲವು ಫೋನುಗಳಲ್ಲಿ ಮೂರು ಬೆರಳು ಜೋಡಿಸಿ ಪರದೆಯ ಮೇಲೆ ಮೇಲಿನಿಂದ ಕೆಳಕ್ಕೆ ಸವರಿದರೂ ಚಿತ್ರ ಸಿಗುತ್ತದೆ. ಬುರುಲ್ ಪ್ರಯತ್ನಿಸಿದಳು, ಆಗಲಿಲ್ಲ.

"ಬೆರಳಲ್ಲಿ ಬೆಣ್ಣೆ ಇದೆ ಎಜೆ. ಒರೆಸ್ಕೊಂಡು ಮಾಡಿ."

ಒರೆಸಿಕೊಂಡು ಸವರಿದಳು. ಆಯಿತು. ಚಿತ್ರದಲ್ಲಿ ಏನೂ ಇರಲಿಲ್ಲ, ಪರದೆಯ ಮೇಲಿನ ಹೊತ್ತು ಮತ್ತು ಬುರುಲ್ ಎಂದೋ ಇಟ್ಟುಕೊಂಡಿದ್ದ ಹೂವಿನ ಚಿತ್ರ ಅಷ್ಟೇ. ಆದರೂ ಅದನ್ನು ಅಳಿಸಲಿಲ್ಲ.

ಕೆಳಗೆ ಸೊನುನ್ ಅಜ್ಜಿಗೆ ಬಣ್ಣ ಸ್ವಲ್ಪ ಮರಳಿತ್ತು. ಬಾಯಿ ಪೂರ್ತಿ ಮರಳಿತ್ತು.

"ಎಲ್ಲಿ ಸುತ್ತಕ್ಕೆ ಹೋಗಿದ್ಯೇ ಸೊಸೆ? ನನ್ನ ಮಗ ಕಾವಲು ಕೂತು, ನನ್ನ ಪಾಲಿನ ರೊಟ್ಟೀನೂ ತಿಂದ."

"ಅಪಾ, ನೀವೇ ಬೇಡ ಅಂದ್ರಿ," ಎಂದ ಎಸೆನ್.

ಬುರುಲ್ ಅತ್ತೆಯ ಪಕ್ಕ ಕೂತು ಚಿತ್ರ ತೋರಿಸಿದಳು. ಅಜ್ಜಿ ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಇದನ್ನ ನಂಬಬೇಕಾ? ದಾರದ ಗಂಟು ಕೈಗೆ ಸಿಗುತ್ತೆ. ಇದು ಗಾಜು. ಬ್ಯಾಟರಿ ಹೋದ್ರೆ ಡಾಕ್ಟ್ರೂ ಹೋದ್ರು."

"ಅಪಾ ಹೇಳೋದು ಸರಿ," ಎಂದಳು ಜಿಪಾರ್. "ಅದಕ್ಕೇ ಈ ಚಿತ್ರ ನೋಡ್ಕೊಂಡು ಪೆಟ್ಟಿಗೆ ಮೇಲೂ ಬರೆದಿಡಿ. ಎಸೆನ್ ಬೈಕೆ ಫೋನಿಗೂ ಈಗ್ಲೇ ಕಳಿಸಿಡೋಣ. ಅಕ್ಕಪಕ್ಕ ಇದ್ರೆ ಬ್ಲೂಟೂತಲ್ಲಿ ಹೋಗುತ್ತೆ, ಸಿಗ್ನಲ್ ಬೇಡ."

ಎಸೆನ್‌ಗೆ ತನ್ನ ಫೋನಿನಲ್ಲೂ ಕಲಿಯಬೇಕೆನಿಸಿತು. ಅವನದು ಬೇರೆ ಕಂಪನಿಯದು. ಅಂಗೈಯ ಅಂಚನ್ನು ಪರದೆಯ ಮೇಲೆ ಅಡ್ಡ ಎಳೆದರೆ ಆಗುತ್ತದೆ ಎಂದು ಜಿಪಾರ್ ತೋರಿಸಿದಳು. ಅವನು ಕುದುರೆಯ ಬೆನ್ನು ಉಜ್ಜುವ ಹಾಗೆ ಉಜ್ಜಿದ.

"ಮೆಲ್ಲಗೆ ಬೈಕೆ. ಅದಕ್ಕೆ ಬೆವರು ಬಂದಿಲ್ಲ."

ಅಜ್ಜಿ ನಕ್ಕರು. ಆ ನಗು ಕೇಳಿ ಬುರುಲಳ ಭುಜ ಒಂದಿಷ್ಟು ಕೆಳಗಿಳಿಯಿತು.

"ಮತ್ತೆ ಬ್ಯಾಂಕಿನೋರು ಕಳಿಸೋ ಗುಟ್ಟಿನ ನಂಬರು?" ಎಂದು ಎಸೆನ್ ಕೇಳಿದ. "ಅದೂ ಮರೆತೋಗುತ್ತೆ. ಅದನ್ನೂ ಹಿಡಿದಿಡ್ಲಾ?"

"ಅದೊಂದು ಬೇಡ. ಫೋನು ಬೇರೆಯೋರ ಕೈಗೆ ಸಿಕ್ಕಿದ್ರೆ ಚಿತ್ರಾನೂ ಸಿಗುತ್ತೆ. ಯಾರಾದ್ರೂ ಕರೆ ಮಾಡಿ, ನಿಮ್ಮ ಪರದೆ ಚಿತ್ರ ಕಳಿಸಿ ಅಂದ್ರೂ ಕಳಿಸ್ಬೇಡಿ. ನಾವು ಹೇಗೆ ಡಾಕ್ಟ್ರನ್ನ ಕೇಳಿ ತಗೊಂಡ್ವೋ, ಇನ್ನೊಬ್ರ ಮುಖ, ಇನ್ನೊಬ್ರ ಮಾತು ಇದ್ರೆ ಕೇಳ್ಕೊಂಡೇ ತಗೋಬೇಕು."

ಸಂಜೆ ಜಿಪಾರ್ ಮತ್ತೆ ಬಿ.ಪಿ. ನೋಡಿ ತಲೆಯಾಡಿಸಿದಳು. ಏರಿತ್ತು, ಬೇಕಾದಷ್ಟೇ. ಡಾಕ್ಟರಮ್ಮನಿಗೆ ತಾನೇ ಗುಡ್ಡದ ಮೇಲಿನಿಂದ ಹೇಳಿಹೋಗುತ್ತೇನೆಂದು ಕುದುರೆ ಹತ್ತಿ ಹೊರಟಳು.

ಮರುದಿನ ಬೆಳಿಗ್ಗೆ ಬುರುಲ್ ಮೊದಲ ಹಾಲು ಕರೆದು ಬರುವಷ್ಟರಲ್ಲಿ ಸೊನುನ್ ಅಜ್ಜಿ ಹಾಸಿಗೆಯಲ್ಲಿ ಎದ್ದು ಕೂತು, ಫೋನು ಮಡಿಲಲ್ಲಿಟ್ಟುಕೊಂಡು, ಚಿತ್ರದ ಬಿಳಿ ಮಾತ್ರೆಯ ಪಕ್ಕ ನಿಜದ ಬಿಳಿ ಮಾತ್ರೆ ಹಿಡಿದು ಹೋಲಿಸುತ್ತಿದ್ದರು.

"ಲೇ ಬುರುಲ್, ಇದೇ ತಾನೆ? ಅರ್ಧ ಮುರಿದು ಕೊಡು."

ಮುರಿದು ಕೊಟ್ಟಳು. ಅಜ್ಜಿ ನುಂಗಿ, ನೀರು ಕುಡಿದು, ಕೆಂಪು ಪೆಟ್ಟಿಗೆಯನ್ನು ಕಾಲಿನಿಂದ ಅತ್ತ ತಳ್ಳಿದರು. "ನನ್ನ ಮಗ ಆ ದಾರ ವಾಪಸ್ ತಂದು ಮೊಳೆಗೆ ಹಾಕಿದಾನೆ. ತಪ್ಪಾಯ್ತು ಅನ್ನೋಕೆ ಬಾಯಿಲ್ಲ, ಅದಕ್ಕೆ. ತಗೊಂಡು ಹೋಗಿ ಮರಿಗೇ ಕಟ್ಟು ಅನ್ನು. ಇನ್ನು ನಮಗೆ ಬೇಡ. ನೀನು ಇಲ್ಲಿ ಸ್ವಲ್ಪ ಕಾಲು ಚಾಚು. ಮುಂದಿನ ಸಲ ಹಾಲು ಕರೆಯೋ ಹೊತ್ತಿಗೆ ನಾನೇ ಎಬ್ಬಿಸ್ತೀನಿ."

ಗುಡ್ಡ ಹತ್ತಬೇಕಾಗಿಲ್ಲದ ಒಂದು ಬೆಳಗು. ಬುರುಲ್ ಅತ್ತೆಯ ಹಾಸಿಗೆಯ ಅಂಚಿನಲ್ಲಿ ಒರಗಿದಳು. ತೆರೆದ ಬಾಗಿಲಿನಿಂದ ಒಂಟೆ ಕಾಣುತ್ತಿತ್ತು; ಕೂತಲ್ಲೇ ಕೂತಿತ್ತು. ಅದರ ಹಾಗೆಯೇ ಏಳುವುದನ್ನು ಮರೆತರೆ ಎಷ್ಟು ಚೆಂದ ಎಂದುಕೊಳ್ಳುತ್ತಲೇ ನಿದ್ದೆ ಹೋದಳು.

ಓದುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಲ್ಲಿ ಒಂಟೆಗುಡ್ಡ ಇಲ್ಲದಿರಬಹುದು. ಆದರೆ ಬಸ್ಸಿನಲ್ಲಿ ಸಿಗ್ನಲ್ ಹೋಗುವುದು, ಆಸ್ಪತ್ರೆಯ ಪುಟ ಬೇಕಾದಾಗಲೇ ತೆರೆಯದಿರುವುದು, ಕರೆ ಮುಗಿದ ಮೇಲೆ ಡಾಕ್ಟರು ಹೇಳಿದ್ದು ಕಲಸಿಹೋಗುವುದು ಎಲ್ಲ ಕಡೆಯೂ ಇದೆ. ದಣಿದ ತಲೆಯ ಮೇಲೆ ಎಲ್ಲವನ್ನೂ ಹೊರಿಸಬೇಡಿ. ಈಗಲೇ, ಈ ಹಾಳೆಯನ್ನು ಕೆಳಗಿಡುವ ಮೊದಲು, ನಿಮ್ಮ ಫೋನು ಕೈಗೆತ್ತಿಕೊಳ್ಳಿ. ಪಕ್ಕದ ಗುಂಡಿ ಮತ್ತು ಸದ್ದು ಇಳಿಸುವ ಗುಂಡಿ ಒಟ್ಟಿಗೆ ಒತ್ತಿ ಬಿಡಿ. ಐಫೋನ್ ಆದರೆ ಪಕ್ಕದ ಗುಂಡಿಯ ಜೊತೆ ಸದ್ದು ಏರಿಸುವ ಗುಂಡಿ ಒತ್ತಬೇಕು. ಆಗಲಿಲ್ಲವೇ, ಮೇಲಿನಿಂದ ಕಂಬಳಿ ಇಳಿಸಿ ನೋಡಿ, ಮೂರು ಬೆರಳು ಸವರಿ ನೋಡಿ, ಅಂಗೈ ಎಳೆದು ನೋಡಿ. ನಿಮ್ಮ ಫೋನಿಗೆ ಇವುಗಳಲ್ಲಿ ಯಾವುದಾದರೂ ಒಂದು ಒಗ್ಗುತ್ತದೆ. ಪುಟ ಉದ್ದವಿದ್ದರೆ, ಚಿತ್ರ ಹಿಡಿದ ಕೂಡಲೇ ಕೆಳಗೆ ಮೂಡುವ ಬಾಣದ ಗುರುತನ್ನು ಮುಟ್ಟಿ. ಎಷ್ಟೋ ಫೋನುಗಳಲ್ಲಿ ಕೊನೆಯ ಸಾಲಿನವರೆಗೂ ಸಿಗುತ್ತದೆ. ಚಿತ್ರಗಳ ಜಾಗದಲ್ಲಿ ಹುಡುಕಿ, ತೆರೆದು, ಓದಲು ಬರುತ್ತದೆಯೇ ಎಂದು ನೋಡಿಕೊಳ್ಳಿ. ಗುಟ್ಟಿನ ನಂಬರುಗಳನ್ನು ಮಾತ್ರ ಹಿಡಿಯಬೇಡಿ.

ಆಮೇಲೆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ದಣಿದವರು ಯಾರೋ, ಅವರ ಪಕ್ಕ ಕೂತು ಅವರಿಗೂ ಕಲಿಸಿ. ಕಲಿಸಿದ ಮೇಲೆ ಒಂದು ಗಳಿಗೆ ಮಲಗಲು ಬಿಡಿ.