ಕಂಬಿ ಬಿಡಬೇಡಿ

"ಏನೇ, ಇವತ್ತಾದ್ರೂ ನಿನ್ನ ಕಬ್ಬಿಣ ತೇಲಿತಾ?" ಎಂದು ಮಧ್ಯಾಹ್ನದ ಊಟಕ್ಕೆ ಕೂತ ಗಂಡ ನಗುತ್ತಾ ಕೇಳಿದ.

ಬಾಯಿಗೆ ಹೊರಟಿದ್ದ ತುತ್ತು ಆಕೆಯ ಕೈಯಲ್ಲೇ ನಿಂತಿತು.

ಕಬ್ಬಿಣ ಎಂದರೆ ಆಕೆಯ ಬಳಿ ಈಜು ಕಲಿಯುತ್ತಿದ್ದ ದರ್ಜಿ. ಅರವತ್ತರ ಹತ್ತಿರದ ಮನುಷ್ಯ. ನೀರಿಗಿಳಿದರೆ ಗುಂಡುಕಲ್ಲಿನ ಹಾಗೆ ತಳ ಸೇರುತ್ತಿದ್ದ. ಆ ಹೆಸರು ತನಗೆ ತಾನೇ ಇಟ್ಟುಕೊಂಡದ್ದು. "ಸಾಯೋದ್ರೊಳಗೆ ಒಂದ್ಸಲ ಆಚೆ ದಡ ಮುಟ್ಟಬೇಕು ಮೇಡಂ" ಎಂದು ಸೇರಿಕೊಂಡವನು. ಆ ಬೆಳಗ್ಗೆ ಉಳಿದವರೆಲ್ಲ ಹೋದ ಮೇಲೆ ಆಕೆ ಅವನನ್ನು ಮೊದಲ ಬಾರಿಗೆ ಆಳದ ಕಡೆ ಇಳಿಸಿ, ಗೋಡೆಯ ಕಂಬಿ ಹಿಡಿಸಿ, "ತೇಲೋ ಹಲಗೆ ತರ್ತೀನಿ. ನಾನು ಬರೋವರೆಗೂ ಕಂಬಿ ಬಿಡಬೇಡಿ" ಎಂದಿದ್ದಳು. ಸಾಮಾನಿನ ಕೋಣೆಗೆ ಹೋದದ್ದು ನೆನಪಿತ್ತು. ಅಲ್ಲಿ ಬಿದ್ದಿದ್ದ ಒದ್ದೆ ಟವೆಲುಗಳನ್ನು ಬುಟ್ಟಿಗೆ ತುಂಬಿದ್ದು, ದೀಪ ಆರಿಸಿದ್ದು, ಹಿಂಬಾಗಿಲಿನಿಂದ ಹೊರಬಿದ್ದು ಬೀಗ ಹಾಕಿದ್ದು, ಎಲ್ಲ ನೆನಪಿತ್ತು. ಆ ನೆನಪುಗಳ ನಡುವೆ ಆ ಮನುಷ್ಯನೇ ಇರಲಿಲ್ಲ.

"ಅಯ್ಯೋ, ಅವರಿನ್ನೂ ನೀರಲ್ಲೇ ಇದ್ದಾರೆ ಕಣ್ರೀ!"

ಎಂಜಲು ಕೈಯಲ್ಲೇ ಬೀದಿಗೆ ಬಿದ್ದಳು. ಹಿಂದೆ ಗಂಡ. ಭುಜದ ಆಪರೇಷನ್ ಆದಾಗಿನಿಂದ ಆಕೆ ಈಜಿರಲಿಲ್ಲ, ಓಡಿರಲಿಲ್ಲ. ದಡದಲ್ಲಿ ಕುರ್ಚಿ ಹಾಕಿಕೊಂಡು ಬಾಯಲ್ಲೇ ಪಾಠ ಹೇಳುತ್ತಿದ್ದಳು. ಎರಡು ತಿರುವು ದಾಟುವಷ್ಟರಲ್ಲಿ ಓಟ ನಡಿಗೆಯಾಯಿತು. ಬೀಗದ ಕೈ ತೂತಿಗೆ ಕೂರಲೊಲ್ಲದು. ಗಂಡ ಕಿತ್ತುಕೊಂಡು ತೆರೆದ.

ಕಿಟಕಿಯಿಲ್ಲದ ಆ ಒಳಾಂಗಣ ಕೊಳದಲ್ಲಿ ಕತ್ತಲು. ನೀರಿನ ಪಂಪು ಗರ್ರೆನ್ನುತ್ತಿತ್ತು. ಅದರ ಸದ್ದಿಗೆ ಯಾರು ಕೂಗಿದರೂ ಹೊರಗೆ ಕೇಳುವ ಹಾಗಿರಲಿಲ್ಲ. ದೀಪ ಹಾಕಿದ ಮೇಲೆ ಆಕೆ ಮೊದಲು ನೋಡಿದ್ದು ಕಂಬಿಯನ್ನಲ್ಲ, ನೀರಿನ ತಳವನ್ನು.

"ಮೇಡಂ..." ಮೂಲೆಯಿಂದ ಹಲ್ಲು ಕಟಕಟಿಸುವ ದನಿ. "ಬಿಟ್ಟಿಲ್ಲ ಮೇಡಂ."

ತುಟಿ ನೀಲಿಗಟ್ಟಿತ್ತು. ಏಣಿ ಇದ್ದದ್ದು ಎದುರು ಬದಿಗೆ; ಕಂಬಿಯಿಂದ ಒಂದು ಕೈ ತೆಗೆಯುವ ಧೈರ್ಯವೂ ಅವನಿಗೆ ಬಂದಿರಲಿಲ್ಲ. ಗಂಡ ನೀರಿಗೆ ಧುಮುಕಿ ಅವನನ್ನು ತಬ್ಬಿ ಹಿಡಿದ. ಆಕೆ ದಡದಲ್ಲಿ ಮಂಡಿಯೂರಿ, ಕಂಬಿ ಕಚ್ಚಿಕೊಂಡ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಇಬ್ಬರೂ ಸೇರಿ ಅವನನ್ನು ದಡಕ್ಕೆಳೆದರು.

ಅಂದೇ ಕೊಳದ ಮ್ಯಾನೇಜರಿಗೆ ನಡೆದದ್ದು ಹೇಳಿ, ಕೆಲಸ ಬಿಟ್ಟು ಬೀಗದ ಕೈ ಒಪ್ಪಿಸಿದಳು. ಮರುದಿನ ವೈದ್ಯೆಯೆದುರು ಕೂತಾಗ ಉಳಿದದ್ದೂ ಹೊರಬಂತು: ಉಕ್ಕಿಹೋದ ಹಾಲು, ಅದಲುಬದಲಾಗುತ್ತಿದ್ದ ಮಕ್ಕಳ ಹೆಸರು, ಸುಮ್ಮಸುಮ್ಮನೆ ಡವಗುಟ್ಟುವ ಎದೆ, ಹತ್ತದ ನಿದ್ದೆ.

"ವಯಸ್ಸಾಯ್ತು ಅಂದ್ಕೊಂಡೆ ಡಾಕ್ಟ್ರೇ."

"ಇಷ್ಟು ವರ್ಷ ದಿನಾ ಈಜಿದ್ದೀರಿ. ಅದು ಬರೀ ತೋಳಿನ ಕೆಲಸ ಅಲ್ಲ, ಮೆದುಳಿಗೂ ಬೇಕಾಗಿತ್ತು. ಏಕಾಏಕಿ ನಿಂತ್ರೆ ಕೆಲವರಿಗೆ ಒತ್ತಡದ ಹಾರ್ಮೋನು ಏರುತ್ತೆ, ನಿದ್ದೆ ಕೆಡುತ್ತೆ, ನೆನಪಿಗೂ ಪೆಟ್ಟು. ನಿಮ್ಮದೂ ಅದೇ ಅಂತ ಆಣೆ ಮಾಡಿ ಹೇಳಲ್ಲ, ಪರೀಕ್ಷೆ ಮಾಡಿಸೋಣ. ಆದ್ರೆ ಭುಜ ಕೆಟ್ಟರೆ ಕಾಲೂ ಕೂತ್ಕೋಬೇಕು ಅಂತ ಯಾರು ಹೇಳಿದ್ದು ನಿಮಗೆ?"

ಯಾರೂ ಹೇಳಿರಲಿಲ್ಲ.

ಅಲ್ಲಿಂದ ನೇರ ದರ್ಜಿಯ ಅಂಗಡಿಗೆ ಹೋದಳು. ಬೆರಳು ಊದಿಕೊಂಡಿದ್ದರಿಂದ ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿ ಸುಮ್ಮನೆ ಕೂತಿದ್ದ. ಅವನೇ ಎದ್ದು ಸ್ಟೂಲು ಎಳೆದುಕೊಟ್ಟ.

"ಯಾರದೋ ಅರ್ಜೆಂಟು ಫೋನ್ ಬಂದಿರ್ಬೇಕು. ಅಲ್ವಾ ಮೇಡಂ?"

ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಇಲ್ಲ. ಮರೆತೆ. ನೀವು ಅನ್ನೋರೇ ತಲೆಯಿಂದ ಅಳಿಸಿಹೋಗಿದ್ರಿ."

ಅವನ ಮುಖ ಬಿಳಿಚಿಕೊಂಡಿತು. ಊದಿದ ಬೆರಳುಗಳನ್ನು ಮಡಿಲಿಗೆ ಎಳೆದುಕೊಂಡ. "ನೀವು ಬರ್ತೀರಿ ಅಂತಾನೇ ಹಿಡ್ಕೊಂಡಿದ್ದೆ" ಎಂದ. ಈಜಿಗೆ ಮತ್ತೆ ಬರಲಿಲ್ಲ.

ಆ ತಿಂಗಳ ಕೊನೆಗೆ ಆಕೆ ಟಿಕೆಟ್ಟು ಕೊಂಡು, ಎಲ್ಲರ ಹಾಗೆ ಮುಂಬಾಗಿಲಿನಿಂದ ಕೊಳಕ್ಕೆ ಹೋದಳು. ಎದೆಮಟ್ಟದ ನೀರಿನಲ್ಲಿ ಹೆಜ್ಜೆ ಊರಿ ನಡೆಯತೊಡಗಿದಳು. ಪಕ್ಕದಲ್ಲೇ ನಡೆಯುತ್ತಿದ್ದ, ರಬ್ಬರ್ ಟೊಪ್ಪಿಗೆಯ ಅಜ್ಜಿಯೊಬ್ಬರು ಕತ್ತು ಹೊರಳಿಸಿದರು.

"ಹೊಸಬರೇನಮ್ಮಾ?"

"ಹೌದಜ್ಜಿ."

"ಮೆಲ್ಲಗೆ ಬಾ. ಜಾರುತ್ತೆ."

ಇಬ್ಬರೂ ಆಚೆ ಗೋಡೆಯ ಕಡೆಗೆ ನಡೆದರು. ನೀರು ಇಬ್ಬರ ಸುತ್ತಲೂ ಸರಿದು ದಾರಿ ಬಿಡುತ್ತಿತ್ತು.