ರಾಮಯ್ಯನವರ ಸೀಟು

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ಮಂಜಿನಿಂದ ಮಾಡೋಣವೆಂದುಕೊಂಡೆ. ಧನುರ್ಮಾಸದ ಬೆಳಗು, ಸುಬ್ರಹ್ಮಣ್ಯಪುರದ ತಾರಸಿಗಳ ಮೇಲೆ ತೆಳ್ಳನೆಯ ಮಂಜು... (ಹೊಡೆದುಹಾಕಿದೆ. ಮಂಜು ನೋಡಲು ನೀವು ನನ್ನ ತನಕ ಬರಬೇಕಾಗಿಲ್ಲ.)

೧. ಲಕ್ಷ್ಮಿದೇವಮ್ಮ ದೇವರಿಗೆ ದೀಪ ಹಚ್ಚಿ, ಚಿತ್ರಾನ್ನದ ಡಬ್ಬಿ ಹಿಡಿದು ಹೊರಗೆ ಬಂದರು. ಮಗ ನಂದಕುಮಾರ್ ಕಾರು ಸ್ಟಾರ್ಟ್ ಮಾಡಿದ್ದ. ಒಂದು ದಿನದ ಮಟ್ಟಿಗೆ ಸಂಸಾರವೆಲ್ಲ ಮೈಸೂರಿಗೆ ಹೊರಟಿತ್ತು. ಮುಂದಿನ ಸೀಟಿನಲ್ಲಿ ಲಕ್ಷ್ಮಿದೇವಮ್ಮನ ಗಂಡ ರಾಮಯ್ಯನವರು ಕೂತಿದ್ದರು.

(ಇಲ್ಲ. ಅವರು ಆಷಾಢದಲ್ಲೇ ತೀರಿಕೊಂಡರು. ಪೆನ್ನನ್ನು ದೇವರ ಮುಂದಿಟ್ಟು, ಎತ್ತಿಕೊಂಡು ಮತ್ತೆ ಬರೆದೆ. ಮತ್ತೂ ಕೂತಿದ್ದರು.)

೨. ಸರಿಯಾಗಿ ಬರೆಯುತ್ತೇನೆ. ಮುಂದಿನ ಸೀಟು ಖಾಲಿ. ಹಿಂದೆ ಲಕ್ಷ್ಮಿದೇವಮ್ಮ, ಸೊಸೆ ಅರ್ಪಿತ, ಮೊಮ್ಮಗಳು ಶೃತಿ ಒತ್ತಿಕೊಂಡು ಕೂತಿದ್ದಾರೆ. ಯಜಮಾನರು ಹೋದ ಮೇಲೆ ಎಲ್ಲರೂ ಒಟ್ಟಿಗೆ ಹೊರಡುತ್ತಿರುವುದು ಇದೇ ಮೊದಲು. ಆ ಸೀಟಿನಲ್ಲಿ ಇನ್ನು ಯಾರು ಕೂರಬೇಕೆಂದು ಯಾರೂ ಬಾಯಿಬಿಟ್ಟು ಕೇಳಿಲ್ಲ.

“ನಾನೇನು ಟ್ಯಾಕ್ಸಿ ಡ್ರೈವರಾ? ಯಾರಾದ್ರೂ ಮುಂದೆ ಬನ್ರಪ್ಪಾ,” ಎಂದ ನಂದಕುಮಾರ್.

“ನಮ್ಗೆ ಇಲ್ಲೇ ಬೆಚ್ಚಗಿದೆ. ನೀನು ಹೊರಡು,” ಎಂದರು ಲಕ್ಷ್ಮಿದೇವಮ್ಮ.

೩. ಗಲ್ಲಿ ದಾಟುವಷ್ಟರಲ್ಲಿ ಶೃತಿ ಫೋನು ನೋಡಿ ಕೂಗಿದಳು. “ಪಪ್ಪಾ, ಮೈಸೂರ್ ರೋಡ್ ಫುಲ್ ಜಾಮ್! ಇಯರ್ ಎಂಡ್ ರಶ್ಶು.”

(ಅರಮನೆಯ ಬಗ್ಗೆ ಒಂದು ಪುಟ ಬರೆದಿಟ್ಟುಕೊಂಡಿದ್ದೆ. ಹೋಯಿತು.)

“ಹಂಗಾದ್ರೆ ಬೆಂಗ್ಳೂರಿಗೆ ಹೋಗೋಣ,” ಎಂದರು ಲಕ್ಷ್ಮಿದೇವಮ್ಮ.

“ಅಜ್ಜೀ, ನಾವಿರೋದೇ ಬೆಂಗ್ಳೂರು!”

“ಇದು ನಮ್ಮೂರು ಕಣೇ. ಬೆಂಗ್ಳೂರು ಅಂದ್ರೆ ಜಯನಗರ, ಗಾಂಧಿ ಬಜಾರು.”

(ಅವರ ಹೊಲ ಸೈಟುಗಳಾಗಿ ಎಷ್ಟೋ ವರ್ಷವಾಯಿತು. ಅವರ ಲೆಕ್ಕದಲ್ಲಿ ಬೆಂಗಳೂರು ಇನ್ನೂ ಅಲ್ಲಿಗೆ ಬಂದಿಲ್ಲ.)

೪. ಗಾಂಧಿ ಬಜಾರಿನಲ್ಲಿ ದೋಸೆ ತಿಂದರು. ಸೊಗಡಿನ ಅವರೆಕಾಯಿಯನ್ನು ಮೂಸಿ ನೋಡಿ ಒಂದು ಚೀಲ ಕೊಂಡರು. ಡಿಕ್ಕಿಯ ತುಂಬ ಮೈಸೂರಿಗೆಂದು ಹೇರಿದ ಚಾಪೆ, ನೀರಿನ ಕ್ಯಾನು. ನಂದಕುಮಾರ್ ಯೋಚಿಸದೆ ಚೀಲವನ್ನು ಮುಂದಿನ ಸೀಟಿನ ಮೇಲಿಟ್ಟ. ಕಾರು ಹೊರಟಿತು.

ಕಿಂಯ್, ಕಿಂಯ್, ಕಿಂಯ್.

ಯಾರೋ ಕೂತಿದ್ದಾರೆ, ಬೆಲ್ಟು ಹಾಕಿಲ್ಲ ಎಂದು ಕಾರು ದೂರು ಹೇಳುತ್ತಿತ್ತು. ಲಕ್ಷ್ಮಿದೇವಮ್ಮನ ಕಣ್ಣು ತುಂಬಿ ಬಂದು...

“ನಿಲ್ಲಿಸಪ್ಪಾ, ಕಥೆ ಬರೆಯೋನೇ!” ಅವರು ನೇರವಾಗಿ ನನ್ನತ್ತ ತಿರುಗಿದರು. “ಅಳೋದೆಲ್ಲ ದೇವರ ಮುಂದೆ ಅತ್ತಾಗಿದೆ. ನಿನ್ನ ಮುಂದೆ ಬೇರೆ ಅಳ್ಬೇಕಾ?”

“ಹಾಗಲ್ಲ ತಾಯಿ, ಕಥೆಗೆ ಚೆನ್ನಾಗಿರುತ್ತೆ.”

“ನಿನ್ಗೆ ಅಳು ಬಂದಿದ್ರೆ ನೀನು ಅಳು. ನನ್ನ ಕಣ್ಣು ಯಾಕೆ ಎರವಲು ಕೇಳ್ತೀಯ?”

(ಕಣ್ಣೀರಿನ ಸಾಲನ್ನು ಹೊಡೆದುಹಾಕಿದೆ. ಮುಂದಿನ ಪ್ಯಾರಾಕ್ಕೆ ಹೋಗೋಣ.)

೫. ಒಂದು ಅಂತ್ಯ: ಶೃತಿ ಅವರೆಕಾಯಿ ಚೀಲಕ್ಕೆ ಬೆಲ್ಟು ಬಿಗಿಯುತ್ತಾಳೆ. ಇನ್ನೊಂದು: ಚೀಲ ಹಿಂದೆ ಹೋಗುತ್ತದೆ, ಸೀಟು ಮತ್ತೆ ಖಾಲಿ.

ಲಕ್ಷ್ಮಿದೇವಮ್ಮ ಎರಡನ್ನೂ ಒಪ್ಪಲಿಲ್ಲ. ಕಾರು ನಿಲ್ಲಿಸಲು ಹೇಳಿ ಕೆಳಗಿಳಿದರು, ಚೀಲವನ್ನು ಶೃತಿಯ ತೊಡೆಯ ಮೇಲೆ ಹೊರಿಸಿದರು, ಸೆರಗು ಸರಿಮಾಡಿಕೊಂಡು ಮುಂದೆ ಕೂತರು. ಕಾರು ಹೊರಟಿತು. ಕಿಂಯ್, ಕಿಂಯ್.

“ಅಮ್ಮಾ, ಬೆಲ್ಟು.”

“ನಿಮ್ಮಪ್ಪ ಒಂದಿನಾನಾದ್ರೂ ಹಾಕಿದ್ರಾ? ಈ ಸಂಗೀತ ಕೇಳ್ಕೊಂಡೇ ಊರೆಲ್ಲಾ ಸುತ್ತಿದ್ರು. ಆ ಸಿಗ್ನಲ್ ತನಕ ಬಡ್ಕೊಳ್ಲಿ ಬಿಡು. ಆಮೇಲೆ ಹಾಕ್ಕೊಂತೀನಿ.”

“ನಿನ್ ಕಾರಿಗೆ ಬಾಯಿ ಜಾಸ್ತಿ ಕಣೋ ಅಂತ ಬೈಯೋರು ಮಾವ,” ಎಂದಳು ಅರ್ಪಿತ. ಹಿಂದೆಯೂ ಮುಂದೆಯೂ ನಗು.

ಸಿಗ್ನಲ್ ಇನ್ನು ಸ್ವಲ್ಪವೇ ದೂರ. ಅಲ್ಲಿ ಅವರು ಬೆಲ್ಟು ಹಾಕಿಕೊಳ್ಳುತ್ತಾರೆ, ಸದ್ದು ನಿಲ್ಲುತ್ತದೆ, ಕಥೆ ಮುಗಿಯುತ್ತದೆ. ಅದಕ್ಕೇ ಕಾರಿಗೆ ಅಡ್ಡವಾಗಿ ಒಂದು ಹಸುವನ್ನು ತಂದು ನಿಲ್ಲಿಸಿದ್ದೇನೆ. ಯಾರೋ ಎಸೆದ ಬಾಳೆಲೆಯನ್ನು ಮೆಲ್ಲಗೆ ಮೇಯುತ್ತಿದೆ. ಅದಕ್ಕೇನೂ ಅವಸರವಿಲ್ಲ. ನನಗೂ...