ಸಿನಿಮಾದಲ್ಲಿ ಇಲ್ಲದ ಹಲಗಿ

ರಾಯಬಾಗದ ಟಾಕೀಜಿನಿಂದ ಹೊರಬಿದ್ದವರೆಲ್ಲ ಹಾಡು ಗುನುಗುತ್ತಿದ್ದರು. ಜ್ಞಾನದೇವನಿಗೆ ಮಾತ್ರ ಬಾಯಲ್ಲಿ ಮಣ್ಣು ತುಂಬಿದಂತಾಗಿತ್ತು.

ಎರಡೂವರೆ ತಾಸು ಪರದೆಯ ಮೇಲೆ 'ಕೃಷ್ಣಾ ಕರೆಂಟ್' ಕುಣಿದಿತ್ತು. ಉಗಾರ ಬುದ್ರುಕದ ನಾಲ್ಕು ಹುಡುಗರು ಮಿರಜದಿಂದ ಕರೆಂಟಿನ ಗಿಟಾರು ತಂದು, ಕಬ್ಬಿನ ಟ್ರೇಲರನ್ನೇ ಸ್ಟೇಜು ಮಾಡಿಕೊಂಡು, ಹತ್ತು ವರ್ಷದ ಹಿಂದೆ ಈ ಸೀಮೆಯನ್ನು ಅಲುಗಾಡಿಸಿದ ರಾಕ್ ಬ್ಯಾಂಡು ಅದು. ಸಿನಿಮಾ ಅವರದೇ ಕತೆ. ನಾಲ್ವರಲ್ಲಿ ಒಬ್ಬ ಜ್ಞಾನದೇವನ ಅಣ್ಣ ಗುರಪ್ಪ. ಗಿಟಾರಿನ ಜೋಡಿ ಚರ್ಮದ ಹಲಗಿ ಬಾರಿಸುತ್ತಿದ್ದ. ಕಾಮಾಲೆಯಾಗಿ ಸತ್ತು ನಾಲ್ಕು ವರ್ಷ.

ಸಿನಿಮಾದಲ್ಲಿ ಹಲಗಿಯೇ ಇರಲಿಲ್ಲ. ಹೊಳೆಯುವ ಡ್ರಮ್ಮುಗಳ ಹಿಂದೆ ಗುಂಗುರು ಕೂದಲಿನ ಪುಣೆಯ ಹುಡುಗನೊಬ್ಬ ಕೂತಿದ್ದ. ಗುರಪ್ಪ ಇರಲಿಲ್ಲ ಅನ್ನುವಂತಿಲ್ಲ, ಇದ್ದ. ಸ್ಪೀಕರ್ ಬಾಕ್ಸು ಹೊತ್ತು ಹಿಂದಿನಿಂದ ಹಾದುಹೋಗುವ ಆಳು. ಒಂದು ಕಡೆ ಎಡವಿ ಬಿದ್ದ. ಟಾಕೀಜಿಗೆ ಟಾಕೀಜೇ ನಕ್ಕಿತು.

"ಏನ ತಗದಾರಲೇ, ಮೈಮ್ಯಾಲಿನ ಕೂದಲಾ ನಿಂತು," ಅಂದ ಬಾಬಾಸಾಹೇಬ, ಚಹಾದಂಗಡಿಯ ಬಾಕಿನ ಮೇಲೆ ಕೂರುತ್ತ. ಜ್ಞಾನದೇವ ಓಡಿಸುವ ಟ್ರ್ಯಾಕ್ಟರು ಇವನದು. ಪಕ್ಕದಲ್ಲಿ ದ್ರಾಕ್ಷಿ ತೋಟದ ಕಾಕಾಸಾಹೇಬ. ಇಬ್ಬರೂ ಆ ಬ್ಯಾಂಡಿನ ಹಳೇ ಹುಚ್ಚರು, ಎಲ್ಲಿ ಪ್ರೋಗ್ರಾಮಿದ್ದರೂ ಮುಂದಿನ ಸಾಲಿನಲ್ಲಿ ಹಾಜರು.

"ಹಾಡೂವ ಜಯಪಾಲನ ಪಾರ್ಟ ಮಾಡಿದಾಂವ ಡಿಟ್ಟೋ ಜಯಪಾಲ," ಅಂದ ಕಾಕಾಸಾಹೇಬ. "ಡ್ರಮ್ಮಿನಾಂವಂತೂ ಅಗದಿ ಝಕಾಸ."

"ಡ್ರಮ್ಮ ಎಲ್ಲಿತ್ರಿ, ಕಾಕಾ? ನಮ್ಮಣ್ಣ ಹಲಗಿ ಬಾರಸ್ತಿದ್ದ."

"ಹಲಗಿ ಮೆರವಣಿಗ್ಯಾಗ ಬಾರಸ್ತಾರಲೇ ಜ್ಞಾನ್ಯಾ. ರಾಕ್ ಬ್ಯಾಂಡಿನ್ಯಾಗ ಡ್ರಮ್ಮ ಇರತಾವ."

"ಕಬ್ಬೂರ ಪ್ರೋಗ್ರಾಮಿನ್ಯಾಗ ಅಂವ ಕಬ್ಬಿನ ರವದಿಗೆ ಬೆಂಕಿ ಹಚ್ಚಿ ಹಲಗಿ ಕಾಸೂವಾಗ ಕಡ್ಡಿಪೆಟಗಿ ಕೊಟ್ಟಾವ್ರು ನೀವ ಅಲ್ಲರಿ?"

ಕಾಕಾಸಾಹೇಬ ಬಶಿಯಲ್ಲಿನ ಚಹಾ ನೋಡಿದ. "ಕೊಟ್ಟಿರಬೇಕಪಾ. ಬೀಡಿ ಹಚ್ಚಾಕ ಕೊಟ್ಟಿರಬೇಕ."

ಸುಳ್ಳು ಹೇಳಿದ್ದರೆ ಜ್ಞಾನದೇವ ಜಗಳ ತೆಗೆಯುತ್ತಿದ್ದ. ಇವರು ಸುಳ್ಳು ಹೇಳುತ್ತಿರಲಿಲ್ಲ, ಅದೇ ಹೊಟ್ಟೆ ಉರಿಸಿತು. ಕಣ್ಣಾರೆ ಕಂಡದ್ದನ್ನು ಒಂದು ಮ್ಯಾಟಿನಿ ತೊಳೆದುಕೊಂಡು ಹೋಗಿತ್ತು.

ಆದರೂ ಒಂದು ಸಾಕ್ಷಿ ಇತ್ತು. ಕಬ್ಬೂರಿನ ಪ್ರೋಗ್ರಾಮನ್ನು ಬಾಬಾಸಾಹೇಬ ತನ್ನ ಟೇಪಿನಲ್ಲಿ ತುಂಬಿಕೊಂಡಿದ್ದ. ಗುರಪ್ಪ ಬಾರಿಸಿದ್ದು ಉಳಿದಿದ್ದರೆ ಅದೊಂದೇ ಕ್ಯಾಸೆಟ್ಟಿನಲ್ಲಿ. ಕಾರ್ಖಾನೆಗೆ ಕಬ್ಬು ಒಯ್ಯುವಾಗೆಲ್ಲ ಜ್ಞಾನದೇವ ಟ್ರ್ಯಾಕ್ಟರಿನಲ್ಲಿ ಅದನ್ನೇ ಹಚ್ಚುತ್ತಿದ್ದ. ಮೊದಲು ಕಬ್ಬಿನ ಒಣ ಎಲೆಯ ರವದಿ ಉರಿಯುವ ಚಟಪಟ, ಆಮೇಲೆ ಬೆಂಕಿಗೆ ಬಿಗಿದ ಹಲಗಿಯ ಪೆಟ್ಟು. ಗಿಟಾರು ಅದರ ಬೆನ್ನು ಹತ್ತಿ ಬರುತ್ತಿತ್ತು.

"ಏಳ್ರಿ ಸಾವಕಾರ್ರ, ಕ್ಯಾಸೆಟ್ಟ ಕೇಳಸ್ತೀನಿ. ಆಮ್ಯಾಲ ಹೇಳ್ರಿ."

ಬಾಬಾಸಾಹೇಬ ನಗುತ್ತ ಕಿಸೆಯಿಂದ ಅದೇ ಕ್ಯಾಸೆಟ್ಟು ತೆಗೆದ. ಸಿನಿಮಾಕ್ಕೆ ಹೋಗುವ ಮುಂಚೆ ಟ್ರ್ಯಾಕ್ಟರಿನಿಂದ ತೆಗೆದು ಎದುರಿನ ರೆಕಾರ್ಡಿಂಗ್ ಅಂಗಡಿಗೆ ಕೊಟ್ಟು, ಈಗ ಬರುವಾಗ ಇಸಿದುಕೊಂಡಿದ್ದ.

"ಸಿನಿಮಾದ ಹಾಡ ತುಂಬಸೇನಿ. ಅವ ಹಾಡ, ಇನ್ನಾ ಕ್ಲಿಯರ್ ಬಂದಾವ. ಹಳೇದು ಖರಾಬ ಆಗಿತ್ತೋ, ಸುರುವಿಗೇ ಚಟಪಟ ಚಟಪಟ."

ಜ್ಞಾನದೇವ ಅದನ್ನು ಕಿತ್ತುಕೊಂಡು ಟ್ರ್ಯಾಕ್ಟರಿಗೆ ಓಡಿದ. ಒಂದು ಬದಿ ಹಚ್ಚಿದ, ಡ್ರಮ್ಮು. ತಿರುವಿ ಹಾಕಿದ, ಡ್ರಮ್ಮು. ಟೇಪು ಮುಂದೆ ಓಡಿಸಿದ, ನಿಲ್ಲಿಸಿದ, ಮತ್ತೆ ಓಡಿಸಿದ. ಹೊಸ ಹಾಡು ಮುಗಿದು ತುದಿಯಲ್ಲಿ ಒಂದಿಷ್ಟು ಟೇಪು ಹಳೆಯದೇ ಉಳಿದಿತ್ತು. ಚಪ್ಪಾಳೆ, ಸಿಳ್ಳು. ಆಮೇಲೆ ಟೇಪಿನ ಹತ್ತಿರವೇ ನಿಂತಿದ್ದ ಬಾಬಾಸಾಹೇಬನ ಹರೆಯದ ದನಿ:

"ಏ ಗುರಪ್ಪಾ, ಆ ಬಾಕ್ಸ ಎತ್ತಿ ಟ್ರೇಲರದಾಗ ಇಡೋ."

"ಆತ್ರಿ."

ಅದು ಅಣ್ಣನ ದನಿ. ಟಕ್ಕೆಂದು ಟೇಪು ಮುಗಿಯಿತು.

ಬೆನ್ನಿಗೆ ಬಂದು ನಿಂತಿದ್ದ ಬಾಬಾಸಾಹೇಬ ಹೆಗಲ ಮೇಲೆ ಕೈಯಿಟ್ಟ. ಸಮಾಧಾನ ಹೇಳುವವನ ಹಾಗೆ ಅಂದ: "ನೋಡ ಮತ್ತ, ಬಾಕ್ಸ ಅಂವನ ಎತ್ತತಿದ್ದ. ಸಿನಿಮಾದಾವ್ರು ಸುಳ್ಳ ಯಾಕ ತೋರಸ್ತಾರ?"

ಕ್ಯಾಸೆಟ್ಟನ್ನು ಕಾಲಡಿ ಹಾಕಿ ತುಳಿಯಬೇಕು ಅನಿಸಿತು ಜ್ಞಾನದೇವನಿಗೆ. ಆದರೆ ಆ ಒಂದು ಮಾತು ಅದರೊಳಗಿತ್ತು. ಅಣ್ಣನದು ಅಂತ ಈ ಭೂಮಿಯ ಮೇಲೆ ಉಳಿದದ್ದು ಅಷ್ಟೇ. ಅದನ್ನು ಕೇಳಬೇಕೆಂದರೆ ಬಾಕ್ಸು ಎತ್ತು ಅನ್ನುವ ಮಾತನ್ನೂ ಕೇಳಬೇಕು.

"ಗಾಡಿ ಬಿಡೋ, ಹೊತ್ತಾತು," ಅಂದ ಬಾಬಾಸಾಹೇಬ, ಮಡ್‌ಗಾರ್ಡಿನ ಮೇಲೆ ಕೂತು. "ಆ ಡ್ರಮ್ಮಿನ ಹಾಡ ಹಚ್ಚ."

"ಆತ್ರಿ," ಅಂದ ಜ್ಞಾನದೇವ.